ಎಮ್ಮೆಗುಂಡನ್ನು ಕಡಿದ ದವಡೆ

ಅನ್ನದಲ್ಲಿ ಒಂದು ಹರಳು ಸಿಕ್ಕಿದ್ದೇ ಇಷ್ಟಕ್ಕೆಲ್ಲ ಕಾರಣ. ಅನುಸೂಯ ಬೆಳಗ್ಗೆ ಮಾಡಿದ್ದ ಚಿತ್ರಾನ್ನದ ಎರಡನೇ ತುತ್ತಿಗೇ ಅವಳ ಗಂಡ ಜಂಪಣ್ಣನ ಹಲ್ಲಿನಡಿ ಕರಕ್ ಎಂದಿತು. ಜಂಪಣ್ಣ ಹರಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ, ಎದುರಿಗೆ ಕೂತಿದ್ದ ಬಾಮೈದ ಓಬಳೇಶನ ತಟ್ಟೆಯ ಅಂಚಿಗಿಟ್ಟ.

"ಓಬಳೇಶ, ಇದನ್ನಾದ್ರೂ ನಿನ್ ಯಂತ್ರ ಪುಡಿ ಮಾಡ್ತೈತೇನಪ್ಪ?"

ಅಕ್ಕ ಸೆರಗು ಅಡ್ಡ ಹಿಡಿದು ನಕ್ಕಳು. ಓಬಳೇಶ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಓಬಳೇಶ. ಆಮೇಲೆ ಭಾವನ ನೆಲ ಅಗೆಯುವ ಹಿಟಾಚಿ ಗಾಡಿಯ ಹಿಂದೆ ಗ್ರೀಸು ಬಳಿಯುತ್ತ, ಹೊಟ್ಟೆಗೆ ಅನ್ನ ತುಂಬಿದ್ದಕ್ಕಿಂತ ಹೆಚ್ಚಾಗಿ ಶ್ವಾಸಕೋಶಕ್ಕೆ ಮಣ್ಣು ತುಂಬಿಸಿಕೊಂಡು ವರ್ಷಗಟ್ಟಲೆ ದುಡಿದು, ಕೊನೆಗೆ ಹೊಸದುರ್ಗದಲ್ಲಿ ಸ್ವಂತದ್ದೊಂದು ವೆಲ್ಡಿಂಗ್ ಅಂಗಡಿ ಹಾಕಿದ್ದ. ಹಿಟಾಚಿಯ ಕೈಯಿಂದ ಬಕೆಟ್ ಕಳಚಿ ಅಲ್ಲಿಗೆ ಸಿಕ್ಕಿಸುವಂಥ ಒಂದು ಉಕ್ಕಿನ ಚೌಕಟ್ಟು ಅವನ ಕನಸು. ಅದನ್ನು ಕಟ್ಟಿಯೂ ಮುಗಿಸಿದ್ದ. ಅದಕ್ಕೆ ಮೂರು ಭಾಗ. ಬಂಡೆ ಸೀಳಲು ಕೊಕ್ಕು, ಸೀಳಿದ ಚೂರನ್ನು ಜಗಿಯಲು ದವಡೆ, ಜಗಿದದ್ದನ್ನು ಸೋಸಲು ಜರಡಿ. ಒಂದು ಪಿನ್ನು ಎಳೆದರೆ ಒಂದು ಕಳಚಬೇಕು, ಇನ್ನೊಂದು ಕೂರಬೇಕು. ಇಂಜಿನಿಯರಿಂಗ್ ಓದಿದವನೊಬ್ಬ ಬಂದು ಇದರ ಲೆಕ್ಕವೆಲ್ಲಿ ಎಂದು ಕೇಳಿದ್ದಕ್ಕೆ, ಕಲ್ಲು ಯಾವತ್ತು ಲೆಕ್ಕ ಕೇಳಿ ಒಡೆದಿದೆ ಎಂದು ಬೈದು ಅಂಗಡಿಯಿಂದ ಓಡಿಸಿದ್ದ.

ಜಂಪಣ್ಣನ ಆಸೆಯೇ ಬೇರೆ. ಹಿಟಾಚಿಯ ಡ್ರೈವರ್ ಸೀಟಿನಲ್ಲಿ ಮನೆಯವನೇ ಕೂತರೆ ಡೀಸೆಲ್ ಸೋರುವುದಿಲ್ಲ ಎಂಬ ನಂಬಿಕೆ. ಬಾಮೈದ ಕಣ್ಣಿಗೆ ಬಿದ್ದಾಗಲೆಲ್ಲ, ಬಂದು ಗಾಡಿ ಮೇಲೆ ಕೂರು ಎನ್ನುತ್ತಿದ್ದ.

ಓಬಳೇಶ ತಟ್ಟೆ ತಳ್ಳಿ ಎದ್ದ. "ಇವತ್ತು ಹೊತ್ತು ಮುಳುಗೋದ್ರೊಳಗೆ ನಿಮ್ ತೋಟದ ಎಮ್ಮೆಗುಂಡು ಬಂಡೇನ ಜಲ್ಲಿ ಮಾಡ್ತೀನಿ ಭಾವ. ಮಾಡಿದ್ರೆ, ನನ್ ಗಾಡಿ ಮೇಲೆ ಕೂರು ಅಂತ ನೀವು ಜನ್ಮದಾಗೆ ಬಾಯಿ ಬಿಡಬಾರ್ದು."

"ಆಗ್ಲಿಲ್ಲ ಅಂದ್ರೆ?"

"ಅಂಗಡಿ ಬಾಗ್ಲು ಹಾಕಿ ನಾಳೆ ಬೆಳಿಗ್ಗೇನೇ ಬಂದು ಕುಂತ್ಕಂತೀನಿ."

ಜಂಪಣ್ಣ ಉಳಿದ ಚಿತ್ರಾನ್ನವನ್ನು ಸಂತೋಷವಾಗಿ ಮುಗಿಸಿದ.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದವಡೆ ಬಾಯಿ ತೆರೆದು ಹೊರಟಿದ್ದನ್ನು ಊರು ನೋಡಿತು. ನೋಡಿದವರು ಬೈಕು ತಿರುಗಿಸಿದರು. ತೋಟ ಸೇರುವಷ್ಟರಲ್ಲಿ ಹಿಂದೆ ಬಂದ ಜನ ದಿಬ್ಬಣವಾಗಿದ್ದರು. ಹೊಳಲ್ಕೆರೆ ಕಡೆಯಿಂದ ಕಾಯಿ ಕೊಳ್ಳಲು ಬಂದವರೂ ಕಾಯಿ ಮರೆತು ನಿಂತರು. ತೆಂಗಿನ ಸಾಲಿನ ನಡುವೆ ಎಮ್ಮೆಗುಂಡು ಮಾತ್ರ, ಮೆಲುಕು ಹಾಕುವುದನ್ನೂ ಬಿಟ್ಟ ಎಮ್ಮೆಯಂತೆ, ಯಾರನ್ನೂ ಲೆಕ್ಕಿಸದೆ ಮಲಗಿತ್ತು.

ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಿಂದ ನಿವೃತ್ತನಾಗಿದ್ದ ರಂಗಯ್ಯ ಯಾರೂ ಕೇಳದೆಯೇ ಮೇಲ್ವಿಚಾರಣೆ ವಹಿಸಿಕೊಂಡು, ಟವೆಲ್ಲನ್ನು ಬಾವುಟದಂತೆ ಬೀಸಿ ಜನರನ್ನು ಹಿಂದೆ ಸರಿಸಿದ. ಪಕ್ಕದ ತೋಟದ ಮುದುಕಿ ಏಕಾಂತಮ್ಮ, ಬೂದುಗುಂಬಳ ಒಡೆಯದೆ ಯಂತ್ರ ಮುಟ್ಟಬಾರದೆಂದು ಪಟ್ಟು ಹಿಡಿದಳು. ಕುಂಬಳ ಹುಡುಕಲು ಒಬ್ಬ ಓಡಿದ. ಅವನನ್ನು ಕಾಯದೆ ಚೌಕಟ್ಟು ಸಿಕ್ಕಿಸಹೋದರೆ ಪಿನ್ನು ತೂತಿಗೆ ಕೂರಲಿಲ್ಲ. ಹಿಟಾಚಿಯ ಡ್ರೈವರ್ ಮಾರಣ್ಣ ಸೀಟಿನಲ್ಲಿ ಕೂತೇ ಬೀಡಿ ಹಚ್ಚಿದ.

"ಲೇ ಓಬಳೇಶ, ಗಾಡೀನ ನಿನ್ ಅಂಗಡಿಗೇ ಒಯ್ದು ಬೆಸುಗೆ ಹಾಕ್ಬಿಡು. ಇಬ್ರಿಗೂ ಕೆಲ್ಸ ಉಳೀತೈತೆ."

ಜನ ನಕ್ಕರು. ಆ ಸಿಟ್ಟಿನಲ್ಲಿ ಓಬಳೇಶ ಎತ್ತಿ ಹೊಡೆದ ಸುತ್ತಿಗೆಯ ಏಟಿಗೆ ಪಿನ್ನು ಹೆದರಿಕೊಂಡಂತೆ ಒಳಗೆ ಹೋಯಿತು.

ಕೊಕ್ಕು ತನ್ನ ಕೆಲಸ ಚೆನ್ನಾಗಿ ಮಾಡಿ ಗುಂಡನ್ನು ಸೀಳಿತು. ಆದರೆ ಅಂಥದ್ದನ್ನು ಕ್ವಾರಿಗಳಲ್ಲಿ ಎಲ್ಲರೂ ನೋಡಿದ್ದರು. ದವಡೆಯ ಸರದಿ ಬಂದಾಗ ಅದು ಬಾಯಿ ತೆರೆಯಿತು. ತೆರೆದದ್ದು ಮುಚ್ಚಲಿಲ್ಲ. ಮಾರಣ್ಣ ಯಾವ ಹಿಡಿ ಎಳೆದರೂ ಇನ್ನಷ್ಟು ಅಗಲವಾಗಿ ಆಕಳಿಸಿತು. ಅದನ್ನು ನೋಡಿ ಮುಂದೆ ನಿಂತಿದ್ದ ರಂಗಯ್ಯ ಆಕಳಿಸಿದ. ಅವನನ್ನು ನೋಡಿ ಏಕಾಂತಮ್ಮ. ಆಮೇಲೆ ಇಡೀ ತೋಟ. ಎಣ್ಣೆಯ ಪೈಪು ಅದಲುಬದಲಾಗಿದೆಯೆಂದು ಓಬಳೇಶನಿಗೆ ಹೊಳೆಯಿತು. ಪೈಪು ಬಿಚ್ಚಿದಾಗ ಚಿಮ್ಮಿದ ಎಣ್ಣೆಯೆಲ್ಲ ಜಂಪಣ್ಣನ ಬಿಳಿ ಅಂಗಿಗೆ ಹೋಯಿತು. ಹೊತ್ತು ಇಳಿಯುತ್ತಿತ್ತು. ಜಂಪಣ್ಣ ಅಂಗಿ ಒರೆಸಿಕೊಳ್ಳಲೂ ಇಲ್ಲ. ನಾಳೆ ಬೆಳಗ್ಗೆ ಎಷ್ಟು ಹೊತ್ತಿಗೆ ಬರುತ್ತೀಯೆಂದು ಮೃದುವಾಗಿ ವಿಚಾರಿಸಿದ.

ಪೈಪು ಬದಲಾಯಿತು. ದವಡೆ ಬಗ್ಗಿ, ಆಡು ಸೊಪ್ಪಿಗೆ ಬಾಯಿ ಹಾಕುವಷ್ಟೇ ಸಲೀಸಾಗಿ ಒಂದು ಚಪ್ಪಡಿಯನ್ನು ಎತ್ತಿಕೊಂಡು ಕಚ್ಚಿತು.

ಮೊದಲು ಸದ್ದೇ ಬರಲಿಲ್ಲ. ಆಮೇಲೆ ಅಂಗಾಲಿನಿಂದ ಮೊಣಕಾಲಿನವರೆಗೆ ನೆಲ ಝುಮ್ಮೆಂದಿತು. ತೆಂಗಿನ ಮರದ ಗಿಣಿಗಳು ಒಟ್ಟಿಗೇ ಎದ್ದವು. ಕಲ್ಲು ಒಳಗೊಳಗೇ ನರಳಿ, ಟಣ್ಣನೆ ಬಿರಿಯಿತು. ಯಾರ ಕಣ್ಣೂ ಯಾವ ಕಾಲದಲ್ಲೂ ಕಾಣದ ಅದರ ಒಡಲು ಸಂಜೆ ಬಿಸಿಲಿಗೆ ತೆರೆದುಕೊಂಡಿತು. ಹೊರಗೆ ಕರಿಬಂಡೆ, ಒಳಗೆ ಸೀಬೆಹಣ್ಣಿನ ತಿರುಳಿನ ಬಣ್ಣ, ನಡುನಡುವೆ ಸಕ್ಕರೆ ಚೆಲ್ಲಿದಂಥ ಮಿನುಗು. ದವಡೆ ಮತ್ತೆ ಜಗಿಯಿತು. ಕೆಳಗಿನಿಂದ ಜಲ್ಲಿ, ಜರಡಿಯೇ ಬೇಡವೆನ್ನುವಂಥ ಒಂದೇ ಅಳತೆಯ ಜಲ್ಲಿ, ಜೋಳ ಸುರಿದಂತೆ ಸುರಿಯಿತು.

ನಗುತ್ತಿದ್ದವರು ಒಂದೊಂದೇ ಹೆಜ್ಜೆ ಹತ್ತಿರ ಬಂದರು. ರಂಗಯ್ಯನ ಟವೆಲ್ಲು ಎತ್ತಿದಲ್ಲೇ ನಿಂತಿತು. ಏಕಾಂತಮ್ಮ ಬಗ್ಗಿ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡಳು.

"ಬೆಚ್ಚಗೈತೆ ಕಣ್ರಪ್ಪ," ಎಂದಳು. "ಕೋಳಿ ಈಗ್ತಾನೆ ಇಟ್ಟ ಮೊಟ್ಟೆ ಇದ್ದಂಗೆ."

ಚೂರು ಕೈಯಿಂದ ಕೈಗೆ ಹೋಯಿತು. ಓಬಳೇಶನೂ ಮುಟ್ಟಿ ನೋಡಿದ. ತಾನೇ ಕಟ್ಟಿದ್ದು ಇಷ್ಟು ದೊಡ್ಡದೆಂದು ಅವನಿಗೂ ಗೊತ್ತಿರಲಿಲ್ಲ.

ಮಾರಣ್ಣ ಎಂಜಿನ್ ಆರಿಸದೆಯೇ ಕೆಳಗಿಳಿದುಬಂದ. ಹಿಡಿ ಹಿಡಿದರೆ ಕಲ್ಲಿನ ಜೀವ ಮೊಣಕೈಗೆ ಬಂದು ಹೊಡೆಯುತ್ತದೆ, ತನ್ನಿಂದಾಗದು ಎಂದ. ಗುಂಡು ಇನ್ನೂ ಅರ್ಧ ಉಳಿದಿತ್ತು, ಸೂರ್ಯ ಗರಿಗಳ ನಡುವೆ ಇಳಿದಿದ್ದ. ಓಬಳೇಶ ಹಿಂದುಮುಂದು ನೋಡದೆ ತಾನೇ ಹತ್ತಿ ಕೂತ. ಅವನ ಕೈಗೆ ದವಡೆ ಸಾಕಿದ ಹೋರಿಯಂತೆ ಬಗ್ಗಿತು. ಕತ್ತಲಾಗುವ ಮುನ್ನ ಎಮ್ಮೆಗುಂಡು ಇದ್ದ ಜಾಗದಲ್ಲಿ ಜಲ್ಲಿಯ ರಾಶಿಯೊಂದೇ ಉಳಿಯಿತು.

ಜಂಪಣ್ಣ ಎಣ್ಣೆ ಅಂಗಿಯಲ್ಲೇ ಬಾಮೈದನನ್ನು ಅಪ್ಪಿಕೊಂಡು, ಸೋತೆ ಕಣಪ್ಪ ಎಂದ. ಓಬಳೇಶನ ಕಣ್ಣು ತುಂಬಿತು.

ಜನ ಮುತ್ತಿಕೊಂಡರು. ಹೊಳಲ್ಕೆರೆಯವನಿಗೆ ಬಾವಿಯೊಳಗಿನ ಬಂಡೆ ಕಡಿಯಬೇಕಿತ್ತು, ಹಿರಿಯೂರಿನವನೊಬ್ಬನಿಗೆ ರಸ್ತೆಗೆ ಜಲ್ಲಿ ಬೇಕಿತ್ತು. ಎಲ್ಲರದೂ ಒಂದೇ ಷರತ್ತು: ಗಾಡಿ ಮೇಲೆ ಇವನೇ ಕೂತಿರಬೇಕು. ಮಾರಣ್ಣನಂತೂ ಕೈಮುಗಿದ. "ನಾನದನ್ನ ಮುಟ್ಟಲ್ಲ ಕಣ್ರಿ ಯಜಮಾನ್ರೆ. ಹುಟ್ಟಿಸ್ದೋನ ಕೈ ಬಿಟ್ಟು ಇನ್ಯಾರ ಕೈನೂ ಕೇಳಲ್ಲ ಅದು."

ಓಬಳೇಶ ಗಾಬರಿಯಿಂದ ಭಾವನ ಕಡೆ ತಿರುಗಿದ. "ಭಾವ, ಮಾತು ಕೊಟ್ಟೀರಿ ನೀವು."

ಜಂಪಣ್ಣನಿಗೆ ನೋವಾಯಿತು. "ಕೊಟ್ಟ ಮಾತು ತಪ್ಪೋ ಮನೆತನ ಅಲ್ಲಪ್ಪ ನಮ್ದು. ನನ್ ಗಾಡಿ ಮೇಲೆ ಕೂರು ಅಂತ ಇನ್ ಮೇಲೆ ಅಪ್ಪಿತಪ್ಪಿನೂ ಅನ್ನಲ್ಲ. ಅದ್ಕೇ, ಇವತ್ತಿಂದ ಗಾಡಿ ನಿಂದೇ. ನಿನ್ ಗಾಡಿ ಮೇಲೆ ನೀನು ಕೂರೋಕೆ ನನ್ನನ್ಯಾಕೆ ಕೇಳ್ತೀಯ?"

ತೋಟ ಚಪ್ಪಾಳೆ ತಟ್ಟಿತು. ಅನುಸೂಯ, ತಮ್ಮನಿಗೆ ಗಂಡ ಗಾಡಿಯನ್ನೇ ಕೊಟ್ಟನೆಂದು ಆನಂದದಿಂದ ಅತ್ತಳು. ಏಕಾಂತಮ್ಮ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಅಷ್ಟು ಜನರ ಮುಂದೆ ಓಬಳೇಶ ಬೇಡವೆನ್ನುವಂತಿರಲಿಲ್ಲ. ಅಂಗಡಿಯ ಗತಿಯೇನೆಂದು ಮಾತ್ರ ಮೆಲ್ಲಗೆ ಕೇಳಿದ.

ಅದಕ್ಕೂ ಜಂಪಣ್ಣ ದಾರಿ ಯೋಚಿಸಿದ್ದ. ಮಾರಣ್ಣನಿಗೆ ಈಗ ಗಾಡಿಯಿಲ್ಲ, ಅಂಗಡಿ ನೋಡಿಕೊಂಡಿರುತ್ತಾನೆ.

ಮಾರಣ್ಣ ಹತ್ತಿರ ಬಂದು ಬೀಗದ ಕೈಗಾಗಿ ವಿನಯದಿಂದ ಕೈ ಚಾಚಿದ.

"ಅಂಗ್ಡೀಲಿ ಫ್ಯಾನ್ ಐತಲ್ಲ, ಓನರೇ?"