ಪ್ಲಗ್ಗಿನ ಹತ್ತಿರ ಬಂದವರು

ಇನ್ನಾಸಪ್ಪನವರು ಹಳೇ ಟೂತ್‌ಬ್ರಷ್ಷಿನಿಂದ ಕಾರಿನ ಬ್ಯಾಟರಿಯ ತಲೆ ಉಜ್ಜುತ್ತಿದ್ದರು. ಎರಡೂ ತುದಿಗೆ ಕಟ್ಟಿದ್ದ ಹಸಿರು ಬಿಳಿ ಕಿಲುಬು ಸೋಡಾ ಹಾಕಿದ ಬಿಸಿನೀರಿಗೆ ಬುಸುಬುಸು ನೊರೆ ಕಾರುತ್ತಿತ್ತು. ಭಾನುವಾರ ಬೆಳಿಗ್ಗೆ ಆರು ಗಂಟೆ.

"ನನ್ನ ಅಡುಗೆ ಸೋಡಾ ಡಬ್ಬಿ ಎಲ್ರೀ?" ಮೊದಲನೇ ಮಹಡಿಯ ಬಾಲ್ಕನಿಯಿಂದ ಹೆಂಡತಿ ಸಹಾಯಮೇರಿ ಕೂಗಿದರು.

"ಇಲ್ಲೇ ಇದೆ ಕಣೇ, ಬ್ಯಾಟ್ರಿಗೆ ಹಾಕ್ತಾ ಇದೀನಿ."

"ಹಾಕಿ, ಹಾಕಿ. ಅದಕ್ಕೇ ಇಡ್ಲೀನೂ ಬಡಿಸಿ. ನಾಕು ಗಂಟೆಗೆ ಇಲವಾಲದ ಚರ್ಚಲ್ಲಿ ನಮ್ಮಣ್ಣನ ಮಗಳು ಏಂಜೆಲಿನ್ ಮಗೂಗೆ ಜ್ಞಾನಸ್ನಾನ, ನೆನಪಿದೆಯಲ್ಲ? ಹೋದ ಸಲ ಅವಳ ಮದ್ವೆಗೆ ಹೋಗ್ತಾ ರೇಷ್ಮೆ ಸೀರೆ ಉಟ್ಕೊಂಡು ನಡುರಸ್ತೇಲಿ ಕಾರು ತಳ್ಳಿದೀನಿ. ಇವತ್ತೂ ಅದು ಏಳದೇ ಇದ್ರೆ ನಾಳೆ ಗುಜರಿಯವನು ಬರ್ತಾನೆ. ನಂಬರು ಫ್ರಿಜ್ ಮೇಲೆ ಅಂಟಿಸಿದೀನಿ."

ಇನ್ನಾಸಪ್ಪನವರು ಇನ್ನೂ ಜೋರಾಗಿ ಉಜ್ಜಿದರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳ ಮೇಲೆ ಮೊಹರು ಕುಟ್ಟಿ ಅವರು ಕೊಂಡಿದ್ದ ಒಂದೇ ಒಂದು ಸುಖ ಆ ಕಾರು. ವಾರಕ್ಕೊಮ್ಮೆ ಚರ್ಚಿಗೆ ಹೋಗಿಬಂದರೆ ಅದರ ಓಡಾಟ ಮುಗಿಯಿತು. ಉಳಿದ ಆರು ದಿನ ನಿಂತಲ್ಲೇ ನಿಂತು ಬ್ಯಾಟರಿ ಸೊರಗುತ್ತಿತ್ತು. ಅದಕ್ಕೆಂದೇ ನಿನ್ನೆ ನಿಧಾನದ ಚಾರ್ಜರ್ ಒಂದನ್ನು ತಂದಿದ್ದರು. "ಇದು ಲೋಟದಲ್ಲಿ ಗಟಗಟ ಕುಡಿಸೋದಲ್ಲ ಸಾರ್, ಒಳಲೇಲಿ ಮಗೂಗೆ ಹಾಲು ಹಾಕ್ದಂಗೆ. ಎಂಟು ಗಂಟೆ ಯಾರೂ ಮುಟ್ಬಾರ್ದು," ಎಂದಿದ್ದ ಅಂಗಡಿಯವನು.

ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಕ್ಲಿಪ್ಪು ಮೈನಸ್ಸಿಗೆ ಕಚ್ಚಿಸಿದ್ದಾಯಿತು. ಆದರೆ ಬಾಲ್ಕನಿಯಿಂದ ಇಳಿಬಿಟ್ಟ ವೈರು ಒಂದು ಮೊಳ ಸಾಲದೆ ಗಾಳಿಯಲ್ಲಿ ತೂಗಾಡಿತು. ಹತ್ತಿರದಲ್ಲಿದ್ದದ್ದು ನೀರಿನ ಮೋಟರ್ ಪಕ್ಕದ, ಇಡೀ ಕಟ್ಟಡಕ್ಕೆ ಸೇರಿದ ಒಂದೇ ಪ್ಲಗ್ಗು.

ಅಲ್ಲಿಗೆ ಕೈ ಹಾಕುವಾಗ ಇನ್ನಾಸಪ್ಪನವರು ಒಂದು ಗಳಿಗೆ ತಡೆದರು. ವಿಜಯನಗರದ ಆ ಹನ್ನೆರಡು ಮನೆಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ಎರಡನೇ ಮಹಡಿಯ ಲೋಕೇಶ್ ಇದೇ ಪ್ಲಗ್ಗಿನಲ್ಲಿ ಕರೆಂಟ್ ಸ್ಕೂಟರು ಚಾರ್ಜ್ ಮಾಡುತ್ತಾನೆಂದು ಗುಮಾನಿ ಬಂದು, ನಾಲ್ಕು ತಿಂಗಳ ಹಿಂದೆ ಅವರು ಬೆಂಕಿಯಂಥ ಒಂದು ಕಾಗದ ಬರೆದಿದ್ದರು: "ಸಾರ್ವಜನಿಕ ಕರೆಂಟನ್ನು ಖಾಸಗಿ ವಾಹನಕ್ಕೆ ಬಳಸಿದವರ ಸದರಿ ವಾಹನವು ಆರು ತಿಂಗಳ ಕಾಲ ಈ ಕಟ್ಟಡದ ಒಳಗೆ ನಿಲ್ಲತಕ್ಕದ್ದಲ್ಲ." ಅಧ್ಯಕ್ಷೆ ಪುಟ್ಟಬಸಮ್ಮನವರು ಹೆಡ್‌ಮಿಸ್ ಆಗಿ ನಿವೃತ್ತರಾದವರು. ಕಾಗದ ಓದಿ, ಕನ್ನಡಕದ ಮೇಲಿಂದ ನೋಡಿ, "ಕಣ್ಣಾರೆ ಕಂಡಿದೀರಾ? ಇಲ್ವಲ್ಲ. ಹೆಸರಿನ ಜಾಗ ಖಾಲಿ ಬಿಡಿ. ಸಾಕ್ಷಿ ತಂದ ದಿನ ಸಹಿ ಹಾಕಿ ಕಳಿಸ್ತೀನಿ," ಎಂದು ಮೇಜಿನ ಖಾನೆಯೊಳಗೆ ತಳ್ಳಿದ್ದರು. ಅಂದಿನಿಂದ ಆ ಖಾನೆ ನೆನೆದರೆ ಸಾಕು, ಇನ್ನಾಸಪ್ಪನವರ ಮೈ ಉರಿಯುತ್ತಿತ್ತು.

"ಅವನು ಮಾಡಿದ್ದು ಕಳ್ಳತನ. ನಂದು ಚಿಕಿತ್ಸೆ," ಎಂದುಕೊಂಡು ಅವರು ಸ್ವಿಚ್ ಅದುಮಿದರು.

ಎಂಟು ಗಂಟೆಗೆ ಬಂದು ನೋಡಿದರೆ ಚಾರ್ಜರಿನ ಪ್ಲಗ್ಗು ಕಿತ್ತು ನೆಲದ ಮೇಲೆ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು.

"ಲೋಕೇಶ!" ಇನ್ನಾಸಪ್ಪನವರು ಹಲ್ಲು ಕಡಿದರು. "ಕಾಗದದ ಸುದ್ದಿ ಹೆಂಗೋ ಗೊತ್ತಾಗಿದೆ, ಸೇಡು ತೀರಿಸ್ಕೊತಾ ಇದಾನೆ." ಗೇಟಿನ ಬಳಿ ಬೀಡಿ ಆರಿಸುತ್ತಿದ್ದ ವಾಚ್‌ಮನ್ ಮೂಗಯ್ಯನನ್ನು ಕರೆದರು. ಮೂಗಯ್ಯನಿಗೆ ಅರವತ್ತು ದಾಟಿತ್ತು. ಹೇಳಿದ ಮಾತಿಗೆ ಒಂದಕ್ಷರ ಸೇರಿಸುವವನಲ್ಲ, ಕಳೆಯುವವನಲ್ಲ.

"ಮೂಗಯ್ಯ, ನಿನ್ನ ಮೊಬೈಲಲ್ಲಿ ಫೋಟೋ ತೆಗಿಯಕ್ಕೆ ಬರುತ್ತಾ?"

"ಬತ್ತದೆ ಸಾ. ಮೊಮ್ಮಗಳು ಏಳ್ಕೊಟ್ಟವ್ಳೆ."

"ಇವತ್ತು ಈ ಪ್ಲಗ್ಗಿನ ಹತ್ರ ಯಾರೇ ಬರ್ಲಿ, ಯಾರೇ ಆಗಿರ್ಲಿ, ಮುಖ ನೋಡ್ಬೇಡ, ಮುಲಾಜು ನೋಡ್ಬೇಡ. ಫೋಟೋ ಹೊಡ್ದು ನೇರವಾಗಿ ಅಧ್ಯಕ್ಷರ ಫೋನಿಗೆ ಕಳಿಸ್ಬುಡು. ನಂಗೆ ಕಳಿಸ್ಬೇಡ. ಆಮೇಲೆ ಕಾರ್ಯದರ್ಶೀನೇ ಕತೆ ಕಟ್ದ ಅಂತಾರೆ."

"ಅಂಗೇ ಆಗ್ಲಿ ಸಾ."

ಇನ್ನಾಸಪ್ಪನವರು ಮತ್ತೆ ಪ್ಲಗ್ಗು ಹಾಕಿ, ಗೆದ್ದವರ ಹಾಗೆ ಮೆಟ್ಟಿಲು ಹತ್ತಿದರು.

ಹತ್ತು ಗಂಟೆಗೆ ಮತ್ತೆ ಕಿತ್ತಿತ್ತು. "ಯಾರು ಬಂದಿದ್ರೋ?" "ಯಾರೂ ಬಂದಿಲ್ಲ ಸಾ." ಹನ್ನೆರಡಕ್ಕೂ ಅದೇ ಕತೆ. "ಯಾರೂ ಬಂದಿಲ್ವಾ?" "ಒಂದು ನೊಣಾನೂ ಬಂದಿಲ್ಲ ಸಾ." ಇನ್ನಾಸಪ್ಪನವರು ಗೊಣಗುತ್ತಾ ಎರಡು ಸಲವೂ ಪ್ಲಗ್ಗು ಮತ್ತೆ ಸಿಕ್ಕಿಸಿದರು. ಅಷ್ಟರಲ್ಲಿ ಲೋಕೇಶನೇ ಎದುರಿಗೆ ಬಂದ.

"ಅಂಕಲ್, ಬ್ಯಾಟ್ರಿ ಡೌನಾ? ಏನಾದ್ರೂ ಸಹಾಯ ಬೇಕಾ?"

"ಮಾಡಿರೋ ಸಹಾಯಾನೇ ಸಾಕಪ್ಪ," ಎಂದರು ಇನ್ನಾಸಪ್ಪ, ಬಾಯಲ್ಲಿ ಹಾಗಲಕಾಯಿ ಇಟ್ಟುಕೊಂಡವರ ಹಾಗೆ. ಲೋಕೇಶ ಏನೂ ಅರ್ಥವಾಗದೆ ತಲೆ ಕೆರೆದುಕೊಂಡು ಹೋದ.

ಇನ್ನು ಯಾರನ್ನೂ ನಂಬುವ ಹಾಗಿಲ್ಲವೆಂದು ಅವರೇ ಪ್ಲಾಸ್ಟಿಕ್ ಕುರ್ಚಿ ತಂದು, ಪ್ಲಗ್ಗಿಗೆ ಬೆನ್ನು ಆನಿಸಿ, ಕೈಕಟ್ಟಿ ಕೂತರು. ಊಟವೂ ಅಲ್ಲಿಗೇ ಬಂತು. ಒಂದೂವರೆಗೆ ಮೂಗಯ್ಯ ಹತ್ತಿರ ಬಂದು ಕೈ ಹೊಸೆದ. "ಸಾ, ಒಸಿ ಏಳ್ತೀರಾ?"

"ಏಳಲ್ಲ! ರಾಷ್ಟ್ರಪತಿಗಳು ಬಂದ್ರೂ ಏಳಲ್ಲ!"

ಎರಡು ಗಂಟೆಗೆ ಮೇಲಿಂದ ಆಕಾಶವೇ ಹರಿದುಬಿದ್ದ ಹಾಗೆ ಕೂಗು ಕೇಳಿಸಿತು. ಮೂರನೇ ಮಹಡಿಯ ಮಂಜುಳಮ್ಮ ತಲೆಗೆ ಟವೆಲು ಸುತ್ತಿ, ಸೀಗೇಕಾಯಿ ಮೆತ್ತಿದ ಮುಖ ಹೊರಗೆ ಹಾಕಿದ್ದರು. "ಸೆಕ್ರೆಟರಿ ಸತ್ತೋದ್ರೇನ್ರೀ? ನಲ್ಲೀಲಿ ಒಂದು ತೊಟ್ಟು ನೀರಿಲ್ಲ! ಕಣ್ಣು ಉರೀತಾ ಇದೆ ಕಣ್ರೀ!"

ಭಾನುವಾರ ಎಲ್ಲರ ಮನೆಯಲ್ಲೂ ತಲೆಸ್ನಾನ. ಒಂದೊಂದೇ ಬಾಗಿಲು ತೆರೆಯಿತು. ಚೊಂಬು, ಬಕೆಟ್ಟು ಹಿಡಿದು ಎಲ್ಲರೂ ಬಗ್ಗಿ ನೋಡಿದರು.

"ಮೂಗಯ್ಯ! ಮೋಟರ್ ಯಾಕೆ ಹಾಕಿಲ್ಲ?" ಇನ್ನಾಸಪ್ಪ ಗರ್ಜಿಸಿದರು.

"ಎಂಗಾಕ್ಲಿ ಸಾ? ಮೋಟ್ರು ಪ್ಲಗ್ಗಿನ ಮುಂದೆ ನೀವೇ ಕುಂತಿದೀರಿ. ಬೆಳಿಗ್ಗೆಯಿಂದ ಮೂರ್ ಸಲ ನಿಮ್ ಮಿಷನ್ ಕಿತ್ತು ನೀರು ಬುಟ್ಟು, ಮೋಟ್ರು ವೈರು ಸುತ್ತಿ ಮಡಗ್ದೆ. 'ಆ ಪ್ಲಗ್ಗಲ್ಲಿ ಏನಿದ್ರೂ ಕಿತ್ತಾಕು, ನೀರು ಮುಖ್ಯ' ಅಂತ ನಾಕು ತಿಂಗ್ಳಿಂದೆ ನೀವೇ ಆರ್ಡರ್ ಮಾಡಿದ್ರಲ್ಲ ಸಾ."

"ನೀನೇನಾ! ಮತ್ತೆ ಯಾರೂ ಬಂದಿಲ್ಲ ಅಂದ್ಯಲ್ಲೋ?"

"ನಾನು ಯಾರೋ ಅಲ್ವಲ್ಲ ಸಾ. ನಾನು ಮೂಗಯ್ಯ."

ಇನ್ನಾಸಪ್ಪನವರು ಕುರ್ಚಿಯಿಂದ ಎದ್ದರು. ಮಂಜುಳಮ್ಮನ ಸೀಗೇಕಾಯಿ ಕಣ್ಣಿಗೆ ಹೆದರಿ ಚಾರ್ಜರ್ ಕಿತ್ತರು. ಮೋಟರ್ ಗುಂಯ್ ಎಂದಿತು.

ಮೂರೂವರೆಗೆ ಸಹಾಯಮೇರಿ ರೇಷ್ಮೆ ಸೀರೆಯುಟ್ಟು, ಮಗುವಿನ ಬಿಳಿ ಗೌನಿನ ಪೆಟ್ಟಿಗೆ ಹಿಡಿದು ಇಳಿದು ಬಂದರು. ಇನ್ನಾಸಪ್ಪನವರು ಶಿಲುಬೆಯ ಗುರುತು ಹಾಕಿ ಕೀಲಿ ತಿರುವಿದರು. ಕಾರು ಮುದುಕನಂತೆ ಮೂರು ಸಲ ಕೆಮ್ಮಿ ಸುಮ್ಮನಾಯಿತು. ಸಹಾಯಮೇರಿ ಗುಜರಿಯವನಿಗೆ ಕರೆ ಮಾಡಲು ಫೋನು ತೆಗೆದರು.

"ತಡೀರಿ ಆಂಟಿ," ಎನ್ನುತ್ತಾ ಲೋಕೇಶ ಮೆಟ್ಟಿಲಿಳಿದು ಬಂದ. "ಅಂಕಲ್, ಎರಡನೇ ಗೇರಲ್ಲಿಡಿ. ಮೂಗಯ್ಯ, ಕೈ ಹಚ್ಚಿ!" ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಬೆಳಿಗ್ಗೆಯಿಂದ ಗುಟುಕು ಗುಟುಕಾಗಿ ಕುಡಿದಿದ್ದ ಕರೆಂಟು ಕಡೆಗೂ ಕೆಲಸಕ್ಕೆ ಬಂತು. ಕಾರು ಜಗ್ಗಿ, ಗುಡುಗಿ, ಗೇಟಿನ ಬಳಿ ಜೀವ ತಳೆದು ನಿಂತಿತು!

"ನೋಡಿದ್ಯೇನೇ ಮೇರಿ!" ಇನ್ನಾಸಪ್ಪನವರ ಮುಖ ಊರಗಲವಾಯಿತು. ಸಹಾಯಮೇರಿ ಒಳಗೆ ಕೂತು, "ಸರಿ, ನಾಳೆ ಗುಜರಿಯವನಿಗೆ ಬೇಡ ಅಂತೀನಿ," ಎಂದರು.

ಆಗಲೇ ಪುಟ್ಟಬಸಮ್ಮನವರು ಕೆಳಮನೆಯ ಬಾಗಿಲಿಗೆ ಬಂದು ಕನ್ನಡಕ ಏರಿಸಿದರು. "ಇನ್ನಾಸಪ್ಪನವರೇ, ನಿಮ್ಮ ಕಾಗದಕ್ಕೆ ಸಹಿ ಹಾಕಿದೀನಿ. ಒಂದಲ್ಲ, ನಾಕು ಸಾಕ್ಷಿ ಸಿಕ್ಕಿದೆ."

ಒಂದೇ ದಿನ ಎರಡು ಗೆಲುವು! ಇನ್ನಾಸಪ್ಪನವರು ಕಾರು ತಳ್ಳಿ ಬೆವರು ಒರೆಸಿಕೊಳ್ಳುತ್ತಿದ್ದ ಲೋಕೇಶನನ್ನು ನೋಡಿದರು. ಸ್ವಲ್ಪ ಅಯ್ಯೋ ಅನ್ನಿಸಿತು. ಆದರೂ ಕಾನೂನು ಕಾನೂನೇ. "ತಡ ಮಾಡ್ಬೇಡಿ ಮೇಡಂ. ಈಗಲೇ ಕಳಿಸಿ!"

ಪುಟ್ಟಬಸಮ್ಮ ಲಕೋಟೆಯನ್ನು ಮೂಗಯ್ಯನ ಕೈಗಿತ್ತರು. ಮೂಗಯ್ಯ ಟಪಾಲು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟ, ಸ್ಕೂಟರನ್ನು ದಾಟಿದ, ಲೋಕೇಶನನ್ನು ದಾಟಿದ, ಬಂದು ಕಾರಿನ ಕಿಟಕಿಯ ಬಳಿ ನಿಂತ.

"ತಲುಪಿದ್ದಕ್ಕೆ ಒಂದ್ ಸೈನ್ ಹಾಕ್ಬುಡಿ ಸಾ."

"ನಂಗ್ಯಾಕೋ?"

"ನೀವೇ ಏಳಿದ್ರಲ್ಲ ಸಾ, ಯಾರೇ ಬಂದ್ರೂ ಮುಖ ನೋಡ್ಬೇಡ ಅಂತ. ಮೂರ್ ಫೋಟೋದಲ್ಲಿ ಪ್ಲಗ್ಗಾಕ್ತಾ ಇದೀರಿ. ಒಂದ್ರಲ್ಲಿ ಕುರ್ಚಿ ಆಕ್ಕೊಂಡು ಕುಂತಿದೀರಿ. ನೀವ್ ಬುಟ್ರೆ ಬೇರೆ ಯಾರೂ ಬರ್ಲೇ ಇಲ್ಲ."

ಸಹಾಯಮೇರಿ ಲಕೋಟೆ ಒಡೆದು, "ಸದರಿ ವಾಹನವು ಆರು ತಿಂಗಳ ಕಾಲ" ಎನ್ನುವವರೆಗೆ ಗಟ್ಟಿಯಾಗಿ ಓದಿದರು. ಆಮೇಲೆ ಕಾಗದವನ್ನು ನೀಟಾಗಿ ಮಡಚಿ ಗೌನಿನ ಪೆಟ್ಟಿಗೆಯ ಮೇಲಿಟ್ಟರು.

"ಸೈನ್ ಹಾಕಿ ಹೊರಡಿ. ಇಂಜಿನ್ ಮಾತ್ರ ಆರಿಸ್ಬೇಡಿ," ಎಂದರು. "ಬರ್ತಾ ಹಿನಕಲ್ ಹತ್ರ ಗುಜರಿ ಅಂಗಡಿ ಸಿಗುತ್ತೆ."

ನಾಲ್ಕು ತಿಂಗಳು ಖಾನೆಯಲ್ಲಿ ಕೊಳೆತಿದ್ದ ಕಾಗದ ತಲುಪಿತೆಂದು ಇನ್ನಾಸಪ್ಪನವರು ತಮ್ಮ ಕೈಯಾರೆ ಸಹಿ ಹಾಕಿದರು.