ಕೊಬ್ಬು ಕರಗಿಸೋ ಹುಡುಗಿ

ಹತ್ರ ಬನ್ನಿ, ಇನ್ನೂ ಹತ್ರ. ಯಾರಿಗೂ ಹೇಳಲ್ಲ ಅಂತ ಆಣೆ ಇಡಿ. ನಮ್ಮ ಕಡೂರಿನ ಬೀದೀಲಿ ನಾನು ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಆಗುತ್ತೆ. ಅದು ಬಾಯಿ ತಪ್ಪಲ್ಲ, ಬೀದಿ ತಪ್ಪು.

೧. ನಲ್ಲಿ ಹತ್ರ

ಪಕ್ಕದ ಮನೆಯಾಕೆ ಮಗಳು ಮೈಸೂರಲ್ಲಿ ಲ್ಯಾಬಿಗೆ ಸೇರಿದಾಳೆ. ರಜಕ್ಕೆ ಬಂದಾಗ, "ಅಲ್ಲೇನೇ ಮಾಡ್ತೀಯ?" ಅಂದೆ.

"ಕೊಬ್ಬು ಕರಗಿಸೋ ಎಂಜೈಮು ತಿದ್ತೀನಿ ಅಜ್ಜಿ. ಸೋಪಿನ ಪುಡಿಗೆ ಒಂದು ಥರ, ಚೀಸಿಗೆ ಇನ್ನೊಂದು ಥರ. ಯಾವ ಕಾರ್ಖಾನೆಗೆ ಹೆಂಗೆ ಬೇಕೋ ಹಂಗೆ."

ಎಂಜೈಮು ನನ್ನ ಕಿವೀಲಿ ನಿಲ್ಲಲಿಲ್ಲ, ಕೊಬ್ಬು ನಿಂತಿತು. ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ, ಮಗಳು ಕೊಬ್ಬು ಕರಗಿಸ್ತಾಳೆ! ನಲ್ಲಿ ಹತ್ರ ನಾಲ್ಕೇ ಜನಕ್ಕೆ ಹೇಳಿದೆ. ನಾಲ್ಕನೆಯವಳು ಮೂಗು ಮುಚ್ಚಿಕೊಂಡು, "ಅದಕ್ಕೇ ಅಷ್ಟು ಸೆಂಟು ಬಳ್ಕೊಂಡು ಓಡಾಡ್ತಾಳೆ" ಅಂದಳು.

೨. ಸಿಂಗಟಗೆರೆ ಅತ್ತೆ

ಸುದ್ದಿ ಸಿಂಗಟಗೆರೆ ಮುಟ್ಟೋ ಹೊತ್ತಿಗೆ ಬೇರೆಯೇ ಆಗಿತ್ತು. ಅಲ್ಲಿಂದ ಒಬ್ಬಾಕೆ ಬಸ್ಸಲ್ಲಿ ಬಂದು, ಹುಡುಗಿ ಮುಂದೆ ತೆಂಗಿನಕಾಯಿ ಇಟ್ಟಳು.

"ತಾಯಿ, ನನ್ನ ಸೊಸೆಗೆ ಕೊಬ್ಬು ಜಾಸ್ತಿ. ಕರಗಿಸೋ ಪುಡಿ ಒಂದು ಚಮಚ ಕೊಡವ್ವ."

"ತುಂಬಾ ದಪ್ಪ ಇದಾರಾ?"

"ಎಲ್ಲಿ ದಪ್ಪ? ಒಣಕಲು ಕಡ್ಡಿ! ಎದುರು ಮಾತಾಡ್ತಾಳೆ."

"ಅದು ಜಿಡ್ಡಿನ ಕಲೆಗೆ ಅಮ್ಮ, ಎದುರು ಮಾತಿಗಲ್ಲ."

"ಹಂಗಾದ್ರೆ ಕಾಯಿ ಕೊಡಿಲ್ಲಿ."

೩. ತರೀಕೆರೆಯವರ ಟವಲು

ಹುಡುಗಿಗೆ ತರೀಕೆರೆಯ ಸಂಬಂಧ. ಹುಡುಗ ಹುಡುಗಿ ಒಪ್ಪಿದ್ದರು, ಹಿರಿಯರು ನೋಡೋದೊಂದೇ ಬಾಕಿ. ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಹುಡುಗನ ಅಪ್ಪ ಮೂರು ಬೋಂಡ ತಿಂದು ಬಿಳೀ ಟವಲಿಗೆ ಕೈ ಒರೆಸಿದರು. ಹುಡುಗನ ಅಮ್ಮ ತಟ್ಟೆ ಮುಟ್ಟದೆ ಅಂದಳು:

"ನಿಮ್ಮ ಮಗಳು ಪ್ರಾಣಿ ಕೊಬ್ಬು ಕಾಯಿಸ್ತಾಳಂತೆ. ಈ ಸಂಬಂಧ ನಮಗೆ ಬೇಡ."

ನಾನು ಹೇಳಿದ್ದು ಅಜ್ಜಂಪುರದ ನನ್ನ ತಂಗಿಗೆ, ತರೀಕೆರೆಗಲ್ಲ! ಪಕ್ಕದ ಮನೆಯಾಕೆ ಮುಖ ಸುಣ್ಣದ ಹಾಗಾಯ್ತು. ಹುಡುಗಿ ಅಳಲಿಲ್ಲ, ಕೈ ಮುಗಿಯಲಿಲ್ಲ. ಹುಡುಗನ ಅಪ್ಪನ ಟವಲು ಕಿತ್ಕೊಂಡು, ಬಕೆಟ್ ನೀರಿಗೆ ಲ್ಯಾಬಿಂದ ತಂದಿದ್ದ ತನ್ನ ಪುಡಿ ಹಾಕಿ ಅದ್ದಿದಳು.

"ನಾನು ಕೊಬ್ಬು ಕಾಯಿಸಲ್ಲ. ಕೊಬ್ಬನ್ನ ತಿಂದುಹಾಕೋ ಪುಡಿ ಮಾಡ್ತೀನಿ. ಆ ಕೆಲಸ ಬಿಡಲ್ಲ. ಅರ್ಧ ಗಂಟೆ ಕೂತು ನೋಡಿ, ಇಲ್ಲಾಂದ್ರೆ ಬಸ್ಸಿದೆ, ಹೊರಡಿ."

ಕೂತರು. ಟವಲು ಮಲ್ಲಿಗೆ ಹೂವಾಗಿ ಬಂತು. ಹುಡುಗನ ಅಮ್ಮ ತಿರುಗಿಸಿ ತಿರುಗಿಸಿ ನೋಡಿ, ತಟ್ಟೆ ಹತ್ರ ಎಳೆದುಕೊಂಡು, "ಇಂಥವು ನಮ್ಮನೇಲಿ ಇನ್ನೂ ಹತ್ತಿವೆ. ಯಾವಾಗ ಬತ್ತೀಯಮ್ಮ?" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನ್ಯಾಕೆ ತಲೆ ತಗ್ಗಿಸಲಿ? "ಕೊಬ್ಬು ಅಂದಿದ್ದು ಅವಳೇ. ನಾನೇನು ಸುಳ್ಳು ಹೇಳಿದ್ನಾ?" ಅಂದೆ.

ಪಕ್ಕದ ಮನೆಯಾಕೆ ನನ್ನ ಮುಖಕ್ಕೇ ಅಂದಳು: "ದೊಡ್ಡಮ್ಮ, ಕುದಿಯೋ ನೀರಿಗೂ ಜಗ್ಗದ ಹಾಗೆ ನನ್ನ ಮಗಳು ಆ ಪುಡೀನ ತಿದ್ದಿದಾಳೆ. ನಿಮ್ಮ ನಾಲಿಗೆಗೆ ಹಾಕಿದ್ರೆ ಮಾತ್ರ ಅದೇ ಕರಗಿಹೋಗುತ್ತಂತೆ!"