ಸೀನಿದವರಿಗೆಲ್ಲ ಮಾತ್ರೆ ಕೊಡುವ ಮಾವ

ನಮ್ಮ ಸೋದರಮಾವನ ಎದುರು ದಯವಿಟ್ಟು ಸೀನಬೇಡಿ. ನೀವು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅವರ ಅಂಗಿಜೇಬಿನಿಂದ ಆಂಟಿಬಯೋಟಿಕ್ ಮಾತ್ರೆ ಹೊರಬಂದಿರುತ್ತದೆ. ಕುಣಿಗಲ್ಲಿನ ನೆಂಟರೊಬ್ಬರು ಮದುವೆಗೆ ಕರೆಯಲು ಬಂದು ಒಮ್ಮೆ ಕೆಮ್ಮಿದ್ದಕ್ಕೆ, ಮಾವ ಎಲೆಅಡಿಕೆಯ ಜೊತೆ ಮಾತ್ರೆಯನ್ನೂ ಇಟ್ಟು ಕೊಟ್ಟಿದ್ದರು!

ಗುಬ್ಬಿಯ ಹತ್ತಿರ ಅವರದೊಂದು ಕೋಳಿ ಫಾರಂ. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಊಟದ ಮಧ್ಯೆ ಎದ್ದು ಶೆಡ್ಡಿಗೆ ಓಡುತ್ತಾರೆ, ಯಾವ ಕೋಳಿ ಮಂಕಾಗಿದೆ ಎಂದು ಎತ್ತಿ ನೋಡಿ, ಬಂದು ಹಾಗೇ ತಟ್ಟೆಯ ಮುಂದೆ ಕೂರುತ್ತಾರೆ. ಒಂದು ಕೋಳಿ ತೂಕಡಿಸಿದರೂ ಸಾಕು, ಇಡೀ ಶೆಡ್ಡಿನ ನೀರಿಗೆ ಔಷಧಿ ಪುಡಿ.

"ಚೆನ್ನಾಗಿರೋ ಕೋಳಿಗೂ ಯಾಕ್ ಮಾವ?" ಎಂದು ಒಮ್ಮೆ ಕೇಳಿದೆ.

"ಕಾಯಿಲೆ ಬರ್ಲಿ ಅಂತ ಯಾರಾರ ಕಾಯ್ಕಂಡ್ ಕೂತ್ಕತಾರೇನ್ಲಾ?" ಎಂದು ನನ್ನ ಕೈಗೂ ಒಂದು ಮಾತ್ರೆ ಇಟ್ಟರು.

ಹೋದ ವರ್ಷ ಕೋಳಿಗಳು ಒಂದೊಂದಾಗಿ ಸಾಯತೊಡಗಿದವು. ಮಾವ ಪುಡಿ ಹೆಚ್ಚಿಸಿದರು, ಪುಡಿ ಬದಲಿಸಿದರು. ಸಾವು ನಿಲ್ಲಲಿಲ್ಲ. ಸತ್ತವನ್ನು ಚೀಲಕ್ಕೆ ತುಂಬಿ, ನನ್ನ ಬೈಕಿನ ಹಿಂದೆ ಕೂತು ತುಮಕೂರಿನ ಪಶುವೈದ್ಯೆಯ ಹತ್ತಿರ ಹೋದರು. ಅವರು ಪರೀಕ್ಷೆ ಮಾಡಿಸಿ, ಮತ್ತೆ ಕರೆಸಿಕೊಂಡರು.

"ಈ ಬ್ಯಾಕ್ಟೀರಿಯಾ ನಿಮ್ಮ ಯಾವ ಪುಡಿಗೂ ಬಗ್ತಿಲ್ಲ ಯಜಮಾನ್ರೇ. ದಿನಾ ಕುಡಿಸಿ ಕುಡಿಸಿ ನೀವೇ ಗಟ್ಟಿ ಮಾಡಿದೀರ. ಅದ್ರ ಮೇಲೆ ಇದು ಭಾರಿ ಜೋರಿನ ಜಾತಿ, ಬೇಗ ರಕ್ತಕ್ಕೇ ಇಳಿಯುತ್ತೆ."

"ಹಂಗಾರೆ ಡಾಕ್ಟ್ರಮ್ಮ, ನಾನು ಇಷ್ಟ್ ದಿನ ಸಾಕಿದ್ದು ಕೋಳಿನಲ್ಲ, ಈ ಬ್ಯಾಕ್ಟೀರಿಯಾನಾ?" ಎಂದರು ಮಾವ.

ಆ ವಾರವೇ ಶೆಡ್ ಗುಡಿಸುವಾಗ ಅತ್ತೆಯ ಕೈಗೆ ತಂತಿ ಗೀರಿತು. ಕೈ ಊದಿಕೊಂಡಿತು, ಜ್ವರ ಏರಿತು. ಮಾವನ ಮಾತ್ರೆ ಒಂದೂ ಕೆಲಸ ಮಾಡಲಿಲ್ಲ. ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರದ್ದೂ ಅದೇ ಮಾತು: ಮಾಮೂಲಿ ಔಷಧಿ ನಾಟುತ್ತಿಲ್ಲ, ಬೇರೆಯದು ಹಾಕಿ ನೋಡೋಣ.

ಮಾವ ವರಾಂಡದಲ್ಲಿ ಶತಪಥ ತಿರುಗಿದರು. ಕಾಫಿ ತರಿಸಿಕೊಂಡು ಕುಡಿಯದೆ ಆರಲು ಬಿಟ್ಟರು. ನರ್ಸ್ "ಕೂತ್ಕೊಳಿ ತಾತ" ಎಂದರೆ ಕೂರುವರು, ಆಕೆ ಬೆನ್ನು ತಿರುಗಿಸುವಷ್ಟರಲ್ಲಿ ಎದ್ದಿರುವರು. "ಈ ಔಷ್ದಿನೂ ನಾಟ್ದಿದ್ರೆ ಏನ್ಲಾ ಮಾಡೋದು?" ಎಂದು ನನ್ನನ್ನು ಕೇಳಿದರು.

ಕೊನೆಗೆ ಔಷಧಿ ನಾಟಿತು. ಜ್ವರ ಇಳಿದು ಕಣ್ಣು ಬಿಟ್ಟ ಅತ್ತೆ ಕೇಳಿದ್ದು ಒಂದೇ: "ಉಳ್ದಿರೋ ಕೋಳಿ ಹೆಂಗವೆ?"

ಮಾವ ಮಂಚದ ಅಂಚಿಗೆ ಕೂತು ಅತ್ತೆಯ ಬ್ಯಾಂಡೇಜು ಸುತ್ತಿದ ಕೈಯನ್ನು ಮೆಲ್ಲಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಕೋಳಿ ಇಚಾರ ಬುಡೇ. ನೀನ್ ಹೆಂಗಿದೀಯ?"

ಮದುವೆಯಾದಾಗಿನಿಂದ ಅವರು ಹಾಗೆ ಕೇಳಿದ್ದೇ ಇಲ್ಲವಂತೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಕೈಯನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.